ಓದುಗರ ಪ್ರಶ್ನೆ: ಪ್ಯಾಟರ್ನ್‌ಗೆ ಹಲ್ಲು ಮೂಡಿದಾಗ

ಈ ಸಲದ ಪತ್ರಗಳಲ್ಲಿ ಆರು ಒಂದೇ ಜಾತಿಯವು. ವೆಕ್ಟರ್ ಚಿತ್ರದೊಳಗೆ (ಚುಕ್ಕಿಗಳಿಂದಲ್ಲ, ಗಣಿತದ ಗೆರೆಗಳಿಂದ ಕಟ್ಟಿದ ಚಿತ್ರ) ಪ್ಯಾಟರ್ನ್ ತುಂಬಿದರೆ ಗೆರೆಗಳು ಗರಗಸದ ಹಾಗೆ ಕಾಣುತ್ತವೆ, ಇಲ್ಲವೇ ನಡುವೆ ಬಿಳಿ ಬಿರುಕು ಬೀಳುತ್ತದೆ, ಏನು ಮಾಡುವುದು ಅಂತ. ಆರು ಜನರ ಕಾಯಿಲೆಯೂ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಒಳಗೆ ಬೇರೆ ಬೇರೆ.

ಅದಕ್ಕೆ, ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಹಲ್ಲು ಕಾಣುವ ಜಾಗವನ್ನೇ ಜೂಮ್ ಮಾಡುತ್ತಾ ಹೋಗಿ: 100 ಪರ್ಸೆಂಟ್, 400, ಆಮೇಲೆ 1600. ಜೂಮ್ ಮಾಡಿದಷ್ಟೂ ಹಲ್ಲು ದೊಡ್ಡದಾದರೆ ತಪ್ಪು ಫೈಲಿನ ಒಳಗಿದೆ. ಎಷ್ಟು ಜೂಮ್ ಮಾಡಿದರೂ ಹಲ್ಲು ಒಂದೇ ಪಿಕ್ಸೆಲ್‌ನಷ್ಟು ಉಳಿದರೆ ಅದು ಪರದೆಯ ಆಟ. ಡ್ರಾಯಿಂಗ್‌ನಲ್ಲಿ ಇಲ್ಲದ್ದು ಪಿಎನ್‌ಜಿಯಲ್ಲಿ ಮಾತ್ರ ಕಂಡರೆ ಎಕ್ಸ್‌ಪೋರ್ಟ್ ಕಡೆ ನೋಡಿ. ನಾನು ಇಪ್ಪತ್ತು ವರ್ಷ ನಕ್ಷೆ ಬರೆಯುವ ಕೆಲಸ ಮಾಡಿದವಳು. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಕಳೆದ ರಾತ್ರಿಗಳ ಲೆಕ್ಕ ನನ್ನ ಹತ್ತಿರ ಇಲ್ಲ.

ಪ್ರಶ್ನೆ: ಮಣ್ಣಿನ ಪದರಗಳ ಅಡ್ಡಕೊಯ್ತದ ಚಿತ್ರವನ್ನು ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ತಂತ್ರಾಂಶದಲ್ಲಿ ಬರೆಯುತ್ತಿದ್ದೇನೆ. ಒಂದು ಪದರಕ್ಕೆ ಓರೆಗೆರೆ ತುಂಬಬೇಕು. 20 ಪಿಕ್ಸೆಲ್ ಚೌಕದಲ್ಲಿ ಮೂಲೆಯಿಂದ ಮೂಲೆಗೆ 4 ಪಿಕ್ಸೆಲ್ ದಪ್ಪದ ಗೆರೆ ಎಳೆದು, ಚೌಕಕ್ಕೆ ಸರಿಯಾಗಿ ಕ್ಲಿಪ್ ಮಾಡಿ (ಹೊರಗೆ ಚಾಚಿದ್ದನ್ನು ಮರೆಮಾಡಿ), ಪ್ಯಾಟರ್ನ್ ಮಾಡಿದೆ. ಗೆರೆ ಉದ್ದಕ್ಕೂ ಸಮ ಇಲ್ಲ, ಅಲ್ಲಲ್ಲಿ ಯಾರೋ ಕಚ್ಚಿದ ಹಾಗಿದೆ. ಅಂಚು ನಯ ಮಾಡುವ ಆಂಟಿಏಲಿಯಾಸಿಂಗ್ ಆಫ್ ಮಾಡಿ ನೋಡಿದೆ, ಆನ್ ಮಾಡಿ ನೋಡಿದೆ. ಕೊನೆಗೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಎಕ್ಸ್‌ಪೋರ್ಟ್ ಮಾಡಿದೆ. ಹಲ್ಲು ಇನ್ನೂ ಚೆನ್ನಾಗಿ ಕಂಡಿತು, ಅಷ್ಟೇ!
— ಪಠ್ಯಪುಸ್ತಕಕ್ಕೆ ಚಿತ್ರ ಬರೆಯುವವರು

ಉತ್ತರ: 600 ಡಿಪಿಐ ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ನಿಮ್ಮ ಎಕ್ಸ್‌ಪೋರ್ಟ್ ಸರಿಯಾಗೇ ಇದೆ. ಟೈಲ್‌ನಲ್ಲಿದ್ದ, ಅಂದರೆ ಪ್ಯಾಟರ್ನ್‌ನಲ್ಲಿ ಮತ್ತೆ ಮತ್ತೆ ಬರುವ ಆ ಚೌಕದಲ್ಲಿದ್ದ, ತಪ್ಪನ್ನು ಅದು ನಿಷ್ಠೆಯಿಂದ ತೋರಿಸಿದೆ.

ಒಂದು ಚೌಕದ ಕಾಗದ ತೆಗೆದುಕೊಂಡು ದಪ್ಪ ಮಾರ್ಕರ್‌ನಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಅಂಥವೇ ನಾಲ್ಕು ಮಾಡಿ, ಎರಡರ ಕೆಳಗೆ ಎರಡು ಜೋಡಿಸಿ. ನಾಲ್ಕೂ ಮೂಲೆ ಸೇರುವ ಬಿಂದುವನ್ನು ನೋಡಿ. ಗೆರೆಗೆ ದಪ್ಪ ಇದೆ, ಆದರೆ ಮೂಲೆಗೆ ದಪ್ಪ ಇಲ್ಲ, ಅದು ಬರೀ ಚುಕ್ಕಿ. ಗೆರೆಯ ಎರಡೂ ಪಕ್ಕ ಅಲ್ಲಿ ಕತ್ತರಿಸಿಹೋಗಿ, ಸೊಂಟ ಬಿಗಿದ ಹಾಗೆ ಸಣ್ಣದಾಗುತ್ತದೆ. ಕತ್ತರಿಸಿಹೋದ ಆ ಎರಡು ಸಣ್ಣ ತ್ರಿಕೋನಗಳು ಪಕ್ಕದ ಎರಡು ಟೈಲ್‌ಗಳ ಮೂಲೆಯಲ್ಲಿ ಇರಬೇಕಿತ್ತು. ನೀವು ಅಲ್ಲಿ ಏನೂ ಬರೆದಿಲ್ಲ. ಪ್ರತಿ ಟೈಲ್‌ಗೂ ಹೀಗೇ ಆದರೆ ಗೆರೆ ಮಣಿಸರ ಆಗುತ್ತದೆ. ದೂರದಿಂದ ನೋಡಿದರೆ ಗರಗಸ.

ಸರಿ ಮಾಡಲು ಎರಡು ದಾರಿ. ಮೊದಲನೆಯದು, ನಡುವಿನ ಗೆರೆಯ ಜೊತೆಗೆ ಉಳಿದೆರಡು ಮೂಲೆಗಳ ಮೇಲೂ ಅದೇ ಓರೆಯ, ಅದೇ ದಪ್ಪದ ಗೆರೆ ಹಾಯಿಸುವುದು. ಮೂರೂ ಗೆರೆ ಚೌಕದಿಂದ ಸಾಕಷ್ಟು ಹೊರಗೆ ಚಾಚಿರಲಿ. ಆಮೇಲೆ ಚೌಕಕ್ಕೆ ಕ್ಲಿಪ್ ಮಾಡಿ. ಇದು ಸರಿಯಾದ ದಾರಿಯೇ, ಆದರೆ ಗೆರೆಯ ದಪ್ಪ ಬದಲಿಸಿದಾಗಲೆಲ್ಲ ಮೂರನ್ನೂ ಬದಲಿಸಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ.

ಎರಡನೆಯದು ನನ್ನ ದಾರಿ. ಓರೆಗೆರೆಯನ್ನು ಓರೆಯಾಗಿ ಬರೆಯಲೇಬೇಡಿ! ನೆಟ್ಟಗೆ ಬರೆದು ಆಮೇಲೆ ಪ್ಯಾಟರ್ನನ್ನೇ ತಿರುಗಿಸಿ. 20ರ ಚೌಕದಲ್ಲಿ ನೀವು ಎಳೆದ ಗೆರೆಗಳ ನಡುವಿನ ನಿಜವಾದ ದೂರ 14.14 ಪಿಕ್ಸೆಲ್. ಅದನ್ನು 14 ಅಂದುಕೊಳ್ಳೋಣ. 14 ಅಗಲ, 14 ಎತ್ತರದ ಒಂದು ಆಯತ ಹಾಕಿ, ಬಣ್ಣ ಕೊಟ್ಟು ಅದರ ಒಪಾಸಿಟಿ ಸೊನ್ನೆ ಮಾಡಿ, ಪೂರ್ತಿ ಪಾರದರ್ಶಕ ಆಗಲಿ. ಅದರ ಮೇಲೆ 4 ಅಗಲದ, ಮೊದಲಿನದರಷ್ಟೇ ಎತ್ತರದ ಇನ್ನೊಂದು ಆಯತ. ಗೆರೆ ಬೇಡ, ಆಯತವೇ ಇರಲಿ, ಸ್ಟ್ರೋಕ್ (ಅಂಚಿನ ಗೆರೆ) ಪೂರ್ತಿ ತೆಗೆದುಬಿಡಿ. ಎರಡನ್ನೂ ಸೆಲೆಕ್ಟ್ ಮಾಡಿ ಆಲ್ಟ್ ಮತ್ತು ಐ ಒತ್ತಿದರೆ ಪ್ಯಾಟರ್ನ್ ತಯಾರು.

ಈಗ ಅದನ್ನು ನಿಮ್ಮ ಪದರಕ್ಕೆ ತುಂಬಿ, ನೋಡ್ ಟೂಲ್ ಹಿಡಿಯಿರಿ. ಪ್ಯಾಟರ್ನ್‌ಗೆ ಮೂರು ಹಿಡಿಗಳು ಕಾಣುತ್ತವೆ. ಅಡ್ಡಗುರುತು ಸರಿಸಲು, ಚೌಕ ಹಿಗ್ಗಿಸಲು, ವೃತ್ತ ತಿರುಗಿಸಲು. ಹಿಡಿಗಳು ಎಷ್ಟೋ ಸಲ ಚಿತ್ರದಿಂದ ದೂರ, ಪುಟದ ಯಾವುದೋ ಮೂಲೆಯಲ್ಲಿ ಕೂತಿರುತ್ತವೆ. ಇಲ್ಲ ಅಂದುಕೊಳ್ಳಬೇಡಿ, ಹುಡುಕಿ. ಕಂಟ್ರೋಲ್ ಒತ್ತಿಕೊಂಡು ವೃತ್ತವನ್ನು ತಿರುಗಿಸಿದರೆ 15 ಡಿಗ್ರಿಯ ಹೆಜ್ಜೆ ಹಾಕುತ್ತದೆ. ಮೂರು ಹೆಜ್ಜೆಗೆ 45. 2023ರಲ್ಲಿ ಬಂದ 1.3 ಆವೃತ್ತಿ ಅಥವಾ ಅದರ ಮುಂದಿನದು ಇದ್ದರೆ ಈ ಹುಡುಕಾಟವೂ ಬೇಡ, ಫಿಲ್ ಆಂಡ್ ಸ್ಟ್ರೋಕ್ ಫಲಕದಲ್ಲೇ ಕೋನವನ್ನು ಅಂಕಿಯಲ್ಲಿ ಕೊಡಬಹುದು.

ಒಂದು ಚಿಕ್ಕ ಗುಟ್ಟು. ನೆಟ್ಟನೆಯ ಪಟ್ಟಿಗೆ ಟೈಲ್ ಎಷ್ಟು ಎತ್ತರ ಇದ್ದರೂ ನಡೆಯುತ್ತದೆ, ಅಲ್ವಾ? ಹಾಗಾದರೆ 14 ಎತ್ತರ ಯಾಕೆ, 500 ಇರಲಿ. ಗೆರೆಯ ಉದ್ದಕ್ಕೆ ಬರುವ ಜೋಡಣೆಗಳು ಅಷ್ಟಕ್ಕಷ್ಟು ಕಮ್ಮಿಯಾಗುತ್ತವೆ. ಜೋಡಣೆ ಕಮ್ಮಿ ಅಂದರೆ ತಂಟೆಯೂ ಕಮ್ಮಿ.

ಕ್ಲಿಪ್ ಮಾಡದೆ ಪ್ಯಾಟರ್ನ್ ಮಾಡುವವರಿಗೂ ಒಂದು ಮಾತು. ಇಂಕ್‌ಸ್ಕೇಪ್ ಟೈಲ್‌ನ ಅಳತೆಗೆ ನಿಮ್ಮ ಮನಸ್ಸಿನ ಚೌಕವನ್ನು ನೋಡುವುದಿಲ್ಲ. ಆಯ್ಕೆ ಮಾಡಿದ ವಸ್ತುಗಳು ಗೆರೆಯ ದಪ್ಪ ಸೇರಿ ಎಲ್ಲಿಯವರೆಗೆ ಚಾಚಿವೆಯೋ ಅದೇ ಅದರ ಟೈಲ್. 20ರ ಕರ್ಣಕ್ಕೆ 4ರ ದಪ್ಪ ಕೊಟ್ಟರೆ ಟೈಲ್ ಸುಮಾರು 22.8 ಆಗುತ್ತದೆ. ಆಗ ಗೆರೆ ಕಚ್ಚಿದ ಹಾಗಲ್ಲ, ತುಂಡು ತುಂಡಾಗಿಯೇ ಬರುತ್ತದೆ.

ಹಿಂದೆ ನಾವು ಸೆಟ್‌ಸ್ಕ್ವೇರನ್ನು ಒಂದೊಂದು ಕೂದಲಷ್ಟು ಸರಿಸುತ್ತಾ ಇಂಕಿನಲ್ಲಿ ಓರೆಗೆರೆ ಎಳೆಯುತ್ತಿದ್ದೆವು. ಅದು ಬೇಸರವಾದರೆ ಗೆರೆ ಅಚ್ಚಾದ ಅಂಟುಹಾಳೆ ಇರುತ್ತಿತ್ತು, ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುವುದು. ಎರಡು ಹಾಳೆ ಸೇರುವಲ್ಲಿ ಗೆರೆಗೆ ಗೆರೆ ಕೂಡಿಸಲು ಹೋಗಿ ಕಣ್ಣು ನೋಯುತ್ತಿತ್ತು. ಜೋಡಣೆಯ ಜಗಳ ಕಂಪ್ಯೂಟರ್ ತಂದದ್ದಲ್ಲ.

ಪ್ರಶ್ನೆ: ಇಟ್ಟಿಗೆ ಬಣ್ಣದ ಪ್ಯಾಟರ್ನ್ ತುಂಬಿದ್ದೇನೆ. ಟೈಲ್ ಟೈಲ್ ನಡುವೆ ಕೂದಲೆಳೆಯಂಥ ಬಿಳಿ ಗೆರೆ. ಜೂಮ್ ಮಾಡಿದರೆ ಕೆಲವು ಮಾಯ, ಬೇರೆ ಕಡೆ ಹೊಸದು ಹುಟ್ಟುತ್ತದೆ. ಪಿಡಿಎಫ್‌ನಲ್ಲೂ ಹಾಗೇ. ಟೈಲ್‌ಗಳ ನಡುವೆ ಜಾಗ ಬಿಟ್ಟಿಲ್ಲ ಅಂತ ಪ್ರಮಾಣ ಮಾಡಿ ಹೇಳುತ್ತೇನೆ.
— ಪುಸ್ತಕದ ಮುಖಪುಟ ಮಾಡುವವರು

ಉತ್ತರ: ಪ್ರಮಾಣ ಬೇಡ, ನಂಬಿದೆ. ಜಾಗ ಇಲ್ಲದೆಯೂ ಬಿಳಿ ಕಾಣುತ್ತದೆ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಎರಡು ಟೈಲ್ ಸೇರುವ ಅಂಚು ಪರದೆಯ ಒಂದು ಪಿಕ್ಸೆಲ್‌ನ ಸರಿಯಾಗಿ ನಡುವೆ ಬಿದ್ದಿದೆ ಅನ್ನಿ. ಮೊದಲ ಟೈಲ್ ಆ ಪಿಕ್ಸೆಲ್‌ನ ಅರ್ಧ ಮುಚ್ಚುತ್ತದೆ. ಅಂಚು ನಯವಾಗಿ ಕಾಣಲಿ ಅಂತ ತಂತ್ರಾಂಶ ಅಲ್ಲಿ 50 ಪರ್ಸೆಂಟ್ ಬಣ್ಣ ಹಚ್ಚುತ್ತದೆ. ಉಳಿದ 50 ಹಿಂದಿನ ಬಿಳಿ. ಎರಡನೇ ಟೈಲ್ ಬಂದು ಇನ್ನೊಂದು ಅರ್ಧ ಮುಚ್ಚುತ್ತದೆ. ಈಗ ಪೂರ್ತಿ ಮುಚ್ಚಬೇಕಲ್ಲ? ಇಲ್ಲ. ಮೊದಲು ಯಾವ ಅರ್ಧ ಮುಚ್ಚಿತ್ತು ಅನ್ನುವುದು ತಂತ್ರಾಂಶಕ್ಕೆ ನೆನಪಿಲ್ಲ. ಇದ್ದುದರ ಮೇಲೆ ಇನ್ನೊಮ್ಮೆ 50 ಪರ್ಸೆಂಟ್ ಹಚ್ಚುತ್ತದೆ. ಉಳಿದಿದ್ದ ಬಿಳಿಯಲ್ಲಿ ಅರ್ಧ ಮಾತ್ರ ಹೋಗುತ್ತದೆ. 25 ಪರ್ಸೆಂಟ್ ಬಿಳಿ ಹಾಗೇ ಉಳಿಯುತ್ತದೆ. ನಿಮ್ಮ ಕೂದಲೆಳೆ ಅದೇ. ಜೂಮ್ ಬದಲಿಸಿದರೆ ಅಂಚು ಪಿಕ್ಸೆಲ್‌ನ ಬೇರೆ ಜಾಗಕ್ಕೆ ಬೀಳುತ್ತದೆ, ಅದಕ್ಕೇ ಗೆರೆ ಓಡಾಡಿದ ಹಾಗೆ ಅನಿಸುತ್ತದೆ.

ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಜನರಲ್ ವಿಭಾಗಕ್ಕೆ ಹೋಗಿ ಆಂಟಿಏಲಿಯಾಸ್ಡ್ ಆರ್ಟ್‌ವರ್ಕ್ ಎದುರಿನ ಗುರುತು ತೆಗೆಯಿರಿ. ಪಿಡಿಎಫ್ ತೆರೆಯುವ ಅಕ್ರೋಬ್ಯಾಟ್‌ನಲ್ಲಿ ಪೇಜ್ ಡಿಸ್‌ಪ್ಲೇ ವಿಭಾಗದ ಸ್ಮೂತ್ ಲೈನ್ ಆರ್ಟ್ ತೆಗೆಯಿರಿ. ಬಿರುಕು ಮಾಯವಾದರೆ ಅದು ನೋಟದ್ದು, ಫೈಲಿನದಲ್ಲ. ನೋಡಿ ಆದಮೇಲೆ ಗುರುತನ್ನು ವಾಪಸ್ ಹಾಕಿ. ಇಲ್ಲದಿದ್ದರೆ ಇಡೀ ಚಿತ್ರವೇ ಹಲ್ಲು ಕಿರಿಯುತ್ತದೆ, ಮುಂದಿನ ತಿಂಗಳು ಅದಕ್ಕೊಂದು ಪತ್ರ ಬರೆಯುತ್ತೀರಿ!

ನೋಟದ್ದೇ ಆದರೂ ಪಿಎನ್‌ಜಿ ಕಳಿಸಬೇಕಾದಾಗ ಅದು ಚಿತ್ರಕ್ಕೆ ಅಂಟಿಕೊಂಡು ಬರುತ್ತದೆ. ಅದಕ್ಕೆ ಸುಲಭದ ಮದ್ದು: ಪ್ಯಾಟರ್ನ್ ತುಂಬಿದ ಆಕಾರದ ನಕಲು ಮಾಡಿ ಸರಿಯಾಗಿ ಅದರ ಹಿಂದೆ ಇಡಿ, ಅದಕ್ಕೆ ಟೈಲ್‌ನ ಅಂಚಿನ ಬಣ್ಣವನ್ನೇ ಸಪಾಟಾಗಿ ಕೊಡಿ. ಸೋರುವ 25 ಪರ್ಸೆಂಟ್ ಬಿಳಿ ಇರುವುದಿಲ್ಲ, ಇಟ್ಟಿಗೆ ಬಣ್ಣ ಇರುತ್ತದೆ. ಟೈಲ್ ಒಳಗೆ ಹಿನ್ನೆಲೆ ಬಣ್ಣವನ್ನೇ ಹಾಕದೆ, ಅದನ್ನು ಹಿಂದಿನ ಆಕಾರಕ್ಕೆ ಬಿಟ್ಟು, ಗಾರೆಯ ಗೆರೆಗಳನ್ನಷ್ಟೇ ಪ್ಯಾಟರ್ನ್ ಮಾಡಿದರೆ ಇನ್ನೂ ಒಳ್ಳೆಯದು.

ಒಮ್ಮೆ ಕಾಡಿನ ನಕ್ಷೆಯೊಂದರಲ್ಲಿ ಇಂಥ ಬಿರುಕು ತೆಗೆಯಲು ಎರಡು ರಾತ್ರಿ ಕೂತೆ. ಅಚ್ಚಾಗಿ ಬಂದಾಗ ನೋಡಿದರೆ, ನಾನು ತೆಗೆಯದೆ ಬಿಟ್ಟಿದ್ದ ಕಡೆಯೂ ಬಿರುಕು ಇರಲಿಲ್ಲ. ಆ ಧೈರ್ಯದಲ್ಲಿ ಮುಂದಿನ ನಕ್ಷೆಯ ಹಲ್ಲನ್ನು "ಪರದೆಯದು ಬಿಡಿ" ಅಂತ ಕಳಿಸಿದೆ. ಅದು ಟೈಲ್‌ನದಾಗಿತ್ತು. ಅಷ್ಟೂ ಪ್ರತಿಗಳಲ್ಲಿ ಗರಗಸ. ಜೂಮ್ ಪರೀಕ್ಷೆ ಕಲಿತದ್ದು ಅವತ್ತು.

ಪ್ರಶ್ನೆ: ಹಳೆಯ ಕೋರೆಲ್‌ಡ್ರಾ ಫೈಲ್ ತೆರೆದು ದೊಡ್ಡ ಬ್ಯಾನರ್‌ಗೆ ಹಿಗ್ಗಿಸಿದೆ. ಅಕ್ಷರಗಳ ಅಂಚು ನುಣುಪಾಗಿದೆ. ಒಳಗಿನ ಡಿಸೈನ್ ಮಾತ್ರ ಮೆಟ್ಟಿಲು ಮೆಟ್ಟಿಲು. ವೆಕ್ಟರ್ ಅಂದರೆ ಎಷ್ಟು ಹಿಗ್ಗಿಸಿದರೂ ಹಾಳಾಗುವುದಿಲ್ಲ ಅಂತಾರಲ್ಲ?
— ಫಲಕ ಬರೆಯುವವರು

ಉತ್ತರ: ಆಕಾರ ವೆಕ್ಟರ್, ಒಳಗೆ ತುಂಬಿದ್ದು ವೆಕ್ಟರ್ ಆಗಬೇಕು ಅಂತೇನೂ ಇಲ್ಲ. ಆ ಫಿಲ್ ಯಾವ ಜಾತಿಯದು ನೋಡಿ. ಟು-ಕಲರ್ ಪ್ಯಾಟರ್ನ್ ಆಗಿದ್ದರೆ ಉತ್ತರ ಸಿಕ್ಕಿತು. ಅದು ಎರಡೇ ಬಣ್ಣದ ಚುಕ್ಕಿಗಳ ಹಲಗೆ. ಅದನ್ನು ಬರೆಯುವ ಎಡಿಟರ್‌ನಲ್ಲಿ ಸಿಗುವ ಅಳತೆಗಳೇ 16ಕ್ಕೆ 16, 32ಕ್ಕೆ 32, 64ಕ್ಕೆ 64 ಪಿಕ್ಸೆಲ್. 16 ಚುಕ್ಕಿಯಲ್ಲಿ ಬರೆದ ವೃತ್ತವನ್ನು ಅಂಗೈ ಅಗಲ ಮಾಡಿದರೆ ಮೆಟ್ಟಿಲಲ್ಲದೆ ಇನ್ನೇನು ಕಾಣಬೇಕು? ಪ್ರಿಂಟರ್ ಎಷ್ಟೇ ಒಳ್ಳೆಯದಿದ್ದರೂ ಇಲ್ಲದ ಚುಕ್ಕಿ ತರಲಾರದು.

ಆ ಡಿಸೈನನ್ನು ಹೊಸದಾಗಿ ಬರೆದು ವೆಕ್ಟರ್ ಪ್ಯಾಟರ್ನ್ ಫಿಲ್ ಮಾಡಿ. ಬೇರೆ ಉಪಾಯ ಸುಮ್ನೆ ಹುಡುಕಬೇಡಿ, 16 ಚುಕ್ಕಿಯನ್ನು ಟ್ರೇಸ್ ಮಾಡಿದರೆ, ಅಂದರೆ ಅದರ ಅಂಚನ್ನು ತಂತ್ರಾಂಶದಿಂದ ಗೆರೆಯಾಗಿ ಬರೆಸಿದರೆ, ಮೆಟ್ಟಿಲೇ ಟ್ರೇಸ್ ಆಗುತ್ತದೆ.

ಇಂಕ್‌ಸ್ಕೇಪ್ ಬಳಸುವವರೂ ನಗಬೇಡಿ. ಅದರ ಸಿದ್ಧ ಪ್ಯಾಟರ್ನ್‌ಗಳಲ್ಲಿ ಸ್ಯಾಂಡ್, ಕ್ಲಾತ್, ಓಲ್ಡ್ ಪೇಂಟ್ ಅನ್ನುವ ಮೂರರ ಪಕ್ಕ ಬಿಟ್‌ಮ್ಯಾಪ್ (ಚುಕ್ಕಿಗಳಿಂದಾದ ಚಿತ್ರ) ಅಂತಲೇ ಬರೆದಿದೆ. ನಾವು ಓದುವುದಿಲ್ಲ ಅಷ್ಟೇ. ಅಲ್ಲಿಯ ಪಟ್ಟಿಗಳು, ಚುಕ್ಕಿಗಳು ವೆಕ್ಟರ್. ಸೆಲೆಕ್ಟರ್ ಟೂಲ್‌ನ ಪಟ್ಟಿಯಲ್ಲಿ ಸಾಲಾಗಿ ನಾಲ್ಕು ಗುಂಡಿಗಳಿವೆ. ನಾಲ್ಕನೆಯದು ಒತ್ತಿದ್ದರೆ ಆಕಾರದ ಜೊತೆ ಪ್ಯಾಟರ್ನ್ ಕೂಡ ಹಿಗ್ಗುತ್ತದೆ. ಬಿಟ್‌ಮ್ಯಾಪ್ ತುಂಬಿದ ಆಕಾರ ದೊಡ್ಡದು ಮಾಡುವ ಮುಂಚೆ ಆ ಗುಂಡಿಯನ್ನು ಬಿಡಿಸಿಬಿಡಿ. ಆಗ ಟೈಲ್ ಇದ್ದ ಅಳತೆಯಲ್ಲೇ ಇದ್ದು, ಹೆಚ್ಚು ಸಲ ಬರುತ್ತದೆ.

ಪ್ರಶ್ನೆ: ಲೋಗೊ ಹಿಂದೆ ಸಣ್ಣ ಗೆರೆಗಳ ಪ್ಯಾಟರ್ನ್ ಇದೆ. ಗೆರೆ 0.25 ಮಿಲಿಮೀಟರ್ ದಪ್ಪ, 0.7 ಮಿಲಿಮೀಟರ್‌ಗೆ ಒಂದು. ಅಚ್ಚಿನಲ್ಲಿ ಚೆನ್ನಾಗಿದೆ. ಪಿಎನ್‌ಜಿ ಮಾಡಿದರೆ ಕೆಲವು ಗೆರೆ ದಪ್ಪ, ಕೆಲವು ತೆಳು, ಮೇಲೆ ಅಲೆ ಅಲೆಯ ನೆರಳು.
— ಮನೆಯಿಂದಲೇ ಡಿಸೈನ್ ಮಾಡುವವರು

ಉತ್ತರ: ಅಳತೆ ಕೊಟ್ಟು ಬರೆದಿದ್ದೀರಿ, ಅರ್ಧ ಕೆಲಸ ನೀವೇ ಮಾಡಿದ ಹಾಗಾಯಿತು. ಇಂಕ್‌ಸ್ಕೇಪ್‌ನ ಮಾಮೂಲಿ ಎಕ್ಸ್‌ಪೋರ್ಟ್ 96 ಡಿಪಿಐ. ಒಂದು ಇಂಚಿಗೆ 25.4 ಮಿಲಿಮೀಟರ್. ಲೆಕ್ಕ ಹಾಕಿದರೆ ನಿಮ್ಮ ಗೆರೆಯ ದಪ್ಪ 0.94 ಪಿಕ್ಸೆಲ್, ಗೆರೆಯಿಂದ ಗೆರೆಗೆ 2.65 ಪಿಕ್ಸೆಲ್. ಅರ್ಧ ಪಿಕ್ಸೆಲ್ ಅನ್ನುವ ವಸ್ತು ಪರದೆಯಲ್ಲಿ ಇಲ್ಲ. ಹಾಗಾಗಿ ಒಂದು ಗೆರೆ ಪಿಕ್ಸೆಲ್ ಮೇಲೆ ಸರಿಯಾಗಿ ಕೂತು ಕಪ್ಪಗಿರುತ್ತದೆ, ಮುಂದಿನದು ಎರಡು ಪಿಕ್ಸೆಲ್‌ಗೆ ಹಂಚಿಹೋಗಿ ಬೂದುಬಣ್ಣ ಆಗುತ್ತದೆ. ಈ ಏರುಪೇರು ಒಂದು ತಾಳದಲ್ಲಿ ಮರುಕಳಿಸುತ್ತದೆ. ನಿಮಗೆ ಕಾಣುವ ಅಲೆ ಆ ತಾಳ.

300 ಡಿಪಿಐ ಮಾಡಿದರೆ 2.65 ಹೋಗಿ 8.27 ಆಗುತ್ತದೆ. ಏರುಪೇರು ಇರುತ್ತದೆ, ಆದರೆ ಎಂಟರಲ್ಲಿ ಕಾಲು ಪಿಕ್ಸೆಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಚಿತ್ರವನ್ನು ಮತ್ತೆ ಯಾರೋ ಸಣ್ಣದು ಮಾಡಿ ಹಾಕಿದರೆ ಅಲೆ ವಾಪಸ್. ಹಾಗಾಗಿ ಪರದೆಗೆ ಬೇರೆಯದೇ ಒಂದು ಆವೃತ್ತಿ ಇಟ್ಟುಕೊಳ್ಳಿ. ಅಳತೆಯನ್ನು ಪಿಕ್ಸೆಲ್‌ನಲ್ಲೇ ಇಟ್ಟು, 1 ಪಿಕ್ಸೆಲ್ ಗೆರೆ, 4 ಪಿಕ್ಸೆಲ್‌ಗೆ ಒಂದು, ಎಲ್ಲ ಪೂರ್ಣಾಂಕ. ತಿರುಗಿಸುವುದು ಬೇಡ. ಗೆರೆ ಒಂದು, ಖಾಲಿ ಒಂದು ಅಂತ ಕನಿಷ್ಠ 2 ಪಿಕ್ಸೆಲ್ ಆದರೂ ಸಿಗದಷ್ಟು ಚಿಕ್ಕ ಲೋಗೊಗೆ ಪ್ಯಾಟರ್ನ್ ತೆಗೆದು ಸಪಾಟು ಬೂದುಬಣ್ಣ ಹಾಕಿ. ಹೇಗೂ ಅದು ಕಾಣುವುದು ಬೂದಾಗಿಯೇ.

ಪ್ರಶ್ನೆ: ಇಲ್ಲಸ್ಟ್ರೇಟರ್‌ನಲ್ಲಿ ಹಲ್ಲು. ಗ್ರಾಫಿಕ್ಸ್ ಕಾರ್ಡ್ ಬದಲಿಸಲೇ?
— ಆತುರದಲ್ಲಿರುವ ಓದುಗರು

ಉತ್ತರ: ಬೇಡ. ಕಂಟ್ರೋಲ್ ಮತ್ತು ಇ ಒತ್ತಿ, ಗ್ರಾಫಿಕ್ಸ್ ಕಾರ್ಡ್ ಬರೆಯುವ ಜಿಪಿಯು ನೋಟದಿಂದ ಮುಖ್ಯ ಪ್ರೊಸೆಸರ್ ಬರೆಯುವ ಸಿಪಿಯು ನೋಟಕ್ಕೆ ಬರುತ್ತೀರಿ. ಹಲ್ಲು ಹೋದರೆ ಕೆಲಸ ಮುಗಿಸುವವರೆಗೆ ಅಲ್ಲೇ ಇರಿ, ಡ್ರೈವರ್ ಅಪ್‌ಡೇಟ್ ಮಾಡಿ. ಹೋಗದಿದ್ದರೆ ಮೊದಲ ಉತ್ತರ ಓದಿ.

ಪ್ರಶ್ನೆ: ಚುಕ್ಕಿ ಪ್ಯಾಟರ್ನ್ ತುಂಬಿದ 200 ಮಿಲಿಮೀಟರ್ ಚೌಕವನ್ನು ವಿನೈಲ್ ಕಟ್ಟರ್‌ಗೆ ಕೊಟ್ಟೆ. ಹೊರಗಿನ ಚೌಕ ಮಾತ್ರ ಕತ್ತರಿಸಿತು. ಪ್ಯಾಟರ್ನನ್ನು ಗೆರೆ ಮಾಡಲು ಆಬ್ಜೆಕ್ಟ್ ಟು ಪಾತ್ ಕೊಟ್ಟೆ, ಏನೂ ಆಗಲಿಲ್ಲ. ಬಿಟ್‌ಮ್ಯಾಪ್ ಮಾಡಿ ಟ್ರೇಸ್ ಮಾಡಿದೆ, ಚುಕ್ಕಿಗಳೆಲ್ಲ ಮೂಲೆ ಮೂಲೆ.
— ಸ್ಟಿಕ್ಕರ್ ಮಾಡುವವರು

ಉತ್ತರ: ಪ್ಯಾಟರ್ನ್ ಅನ್ನುವುದು ಒಂದು ಆದೇಶ. "ಈ ಟೈಲನ್ನು ಇಲ್ಲೆಲ್ಲ ಹರಡು" ಅನ್ನುವುದನ್ನು ಬಿಟ್ಟರೆ ಫೈಲಿನಲ್ಲಿ ಬೇರೇನೂ ಇಲ್ಲ. ಚುಕ್ಕಿ ಇರುವುದು ಒಂದೇ. ಕಟ್ಟರ್‌ಗೆ ಬೇಕಾದ್ದು ಅಷ್ಟೂ ಚುಕ್ಕಿಯ ಅಂಚು. ಟ್ರೇಸ್ ಮಾಡಲು ಹೋಗಿ ಇಲ್ಲದ ಹಲ್ಲನ್ನು ನೀವೇ ತಂದುಕೊಂಡಿರಿ.

ಇಂಕ್‌ಸ್ಕೇಪ್‌ನ ಪ್ಯಾಟರ್ನ್ ಟು ಆಬ್ಜೆಕ್ಟ್ಸ್ ಕೊಟ್ಟರೂ ವಾಪಸ್ ಸಿಗುವುದು ಒಂದು ಟೈಲ್ ಮಾತ್ರ. ಅದನ್ನು ಹಿಡಿದುಕೊಂಡು ಎಡಿಟ್ ಮೆನುವಿನ ಕ್ಲೋನ್‌ನಲ್ಲಿ ಕ್ರಿಯೇಟ್ ಟೈಲ್ಡ್ ಕ್ಲೋನ್ಸ್‌ಗೆ ಹೋಗಿ. ಸಿಮೆಟ್ರಿ ಪಟ್ಟಿಯಲ್ಲಿ 17 ಬಗೆಗಳು ಕಂಡು ಗಾಬರಿ ಬೇಡ. ಸಮತಲವನ್ನು ಪ್ಯಾಟರ್ನ್‌ನಿಂದ ತುಂಬಲು ಇರುವ ಸಮ್ಮಿತಿಗಳೇ ಒಟ್ಟು 17. ಅದಕ್ಕಿಂತ ಒಂದೂ ಹೆಚ್ಚಿಲ್ಲ ಅಂತ ರಷ್ಯಾದ ಫೆಡೊರೊವ್ 1891ರಲ್ಲೇ ಸಾಧಿಸಿ ತೋರಿಸಿದ್ದರು. ನನಗೆ ಆ ಪಟ್ಟಿ ನೋಡುವುದೇ ಒಂದು ಖುಷಿ. ನಿಮಗೆ ಬೇಕಾದ್ದು ಮೊದಲನೆಯದು, ಪಿ1, ಬರೀ ಸರಿಸುವುದು.

ಸಾಲು ಮತ್ತು ಕಾಲಂ ಎಷ್ಟು ಅಂತ ಕೊಡುವ ಮುಂಚೆ ಒಂದು ಲೆಕ್ಕ. ಟೈಲ್ 2 ಮಿಲಿಮೀಟರ್ ಆಗಿದ್ದರೆ 200ಕ್ಕೆ ನೂರು ಸಾಲು, ನೂರು ಕಾಲಂ. 10,000 ಚುಕ್ಕಿ. ಒಂದು ಚುಕ್ಕಿಗೆ 4 ನೋಡ್ (ಅಂಚನ್ನು ಹಿಡಿದಿಡುವ ಬಿಂದು) ಅಂದರೆ 40,000. ಮೂಗಿಗಿಂತ ಮೂಗುತಿ ಭಾರ. ಕಂಪ್ಯೂಟರ್ ನರಳುತ್ತದೆ, 10,000 ಸಣ್ಣ ಚುಕ್ಕಿ ಕಿತ್ತು ತೆಗೆಯುವ ನಿಮ್ಮ ಉಗುರೂ ನರಳುತ್ತದೆ. ಟೈಲನ್ನು 10 ಮಿಲಿಮೀಟರ್ ಮಾಡಿದರೆ 400 ಚುಕ್ಕಿಗೆ ಕೆಲಸ ಮುಗಿಯುತ್ತದೆ.

ಕ್ಲೋನ್‌ಗಳು (ಮೂಲಕ್ಕೆ ಕಟ್ಟಿಕೊಂಡ ನಕಲುಗಳು) ಬಂದಮೇಲೆ ಎಲ್ಲವನ್ನೂ ಆರಿಸಿ ಅನ್‌ಲಿಂಕ್ ಮಾಡಿ. ಆಬ್ಜೆಕ್ಟ್ ಟು ಪಾತ್ ಈಗ ಕೊಡಿ, ಈಗ ಅದು ಕೆಲಸ ಮಾಡುತ್ತದೆ. ಆಮೇಲೆ ಪಾತ್ ಮೆನುವಿನ ಕಂಬೈನ್, ಎಲ್ಲ ಒಂದೇ ಪಾತ್ ಆಗುತ್ತದೆ. ಹೊರಗಿನ ಚೌಕವನ್ನೂ ಜೊತೆಗೆ ಸೆಲೆಕ್ಟ್ ಮಾಡಿ ಇಂಟರ್‌ಸೆಕ್ಷನ್ ಕೊಟ್ಟರೆ ಅಂಚಿನ ಚುಕ್ಕಿಗಳು ಸರಿಯಾಗಿ ಕತ್ತರಿಸಿ ಬರುತ್ತವೆ. ಇಂಟರ್‌ಸೆಕ್ಷನ್ ಆದಮೇಲೆ ಚೌಕ ಉಳಿಯುವುದಿಲ್ಲ, ಮೊದಲೇ ಅದರ ನಕಲು ಇಟ್ಟುಕೊಂಡಿರಿ. ಕಟ್ಟರ್‌ಗೆ ಕಳಿಸುವ ಮುಂಚೆ ವ್ಯೂ ಮೆನುವಿನಲ್ಲಿ ಔಟ್‌ಲೈನ್ ಮೋಡ್ ಹಾಕಿ ನೋಡಿ. ಬರೀ ಚೌಕ ಕಂಡರೆ ಇನ್ನೂ ಪ್ಯಾಟರ್ನೇ ಇದೆ ಅಂತ. ಚುಕ್ಕಿ ಚುಕ್ಕಿಯೂ ಗೆರೆಯಾಗಿ ಕಂಡರೆ ವಿನೈಲ್ ಹಾಕಿ.